ಪುಟ್ಟಿಯ ಬಾಗಿಲಿಗೆ ಬಂದವರು

ಹೋದ ತಿಂಗಳು ನನ್ನ ಮಗಳ ಶಾಲೆಯಿಂದ, ಮಕ್ಕಳ ತಲೆಯಲ್ಲಿ ಹೇನು ಹರಡಿದೆ ಎಂಬ ಚೀಟಿ ಬಂತು. ಔಷಧಿ ಅಂಗಡಿಯಿಂದ ತಂದ ಶಾಂಪೂವಿನ ಮುಚ್ಚಳ ತೆಗೆದೆನೋ ಇಲ್ಲವೋ, ಆ ಘಾಟು ಮೂಗಿಗೆ ಬಡಿದು, ಲೊಂಬಾರ್ಡ್ ಊರಿನ ನಮ್ಮ ಹಳೆಯ ಅಪಾರ್ಟ್‌ಮೆಂಟಿನ ಬಚ್ಚಲಲ್ಲಿ ನಿಂತಂತಾಯಿತು. ಈಗ ಅಲ್ಲಿ ಬೇರೆ ಯಾರೋ ಇದ್ದಾರೆ. ಕಾರ್ಪೆಟ್ಟಿಗೂ ಪರದೆಗೂ ಒಗ್ಗರಣೆ ವಾಸನೆ ಹಿಡಿದಿದ್ದ, ಚಳಿಗಾಲದಲ್ಲಿ ಅಜ್ಜಿಯ ಸೀರೆ ಸೋಫಾದ ಬೆನ್ನ ಮೇಲೆ ಒಣಗುತ್ತಿದ್ದ ಮನೆ ಅದು. ಅಂಥದೊಂದು ಮನೆ ನಿಮಗೂ ಇದ್ದಿರಬಹುದು. ಅದನ್ನು ನೆನೆದರೆ ನಿಮಗೆ ಸುಖವೆನಿಸುತ್ತದೆ ಎಂದಾದರೆ ನೀವು ನನಗಿಂತ ಒಳ್ಳೆಯ ಮಕ್ಕಳಾಗಿದ್ದಿರಿ, ಅಷ್ಟೇ.

ಆಗ ನನಗೆ ಹನ್ನೊಂದು, ಪುಟ್ಟಿಗೆ ಆರು. ಪುಟ್ಟಿ ನನ್ನ ಚಿಕ್ಕಪ್ಪನ ಮಗಳು. ಚಿಕ್ಕಮ್ಮ ಕಾಯಿಲೆಯಾಗಿ ತೀರಿಕೊಂಡ ಮೇಲೆ, ಡಿಯರ್‌ಬಾರ್ನಿನಲ್ಲಿ ಇಂಜಿನಿಯರಾಗಿದ್ದ ಚಿಕ್ಕಪ್ಪ ಮಗುವನ್ನು ನಮ್ಮ ಮನೆಯಲ್ಲಿ ಬಿಟ್ಟು, ಎರಡು ವಾರಕ್ಕೊಮ್ಮೆ ನಾಲ್ಕೂವರೆ ಗಂಟೆ ಡ್ರೈವ್ ಮಾಡಿಕೊಂಡು ಬಂದು ನೋಡಿಹೋಗುತ್ತಿದ್ದರು. ಅಜ್ಜಿ ತಾತನನ್ನು ಮೈಸೂರಿನಲ್ಲೇ ಬಿಟ್ಟು ಆರು ತಿಂಗಳಿಗೆಂದು ಬಂದದ್ದೂ ಅವಳಿಗಾಗಿಯೇ. ನನ್ನ ಕೋಣೆಯ ಅರ್ಧ ಅವಳದಾಯಿತು, ಅಜ್ಜಿಯ ಮಡಿಲು ಪೂರ್ತಿ ಅವಳದಾಯಿತು. ಬೆಳಿಗ್ಗೆ ಎದ್ದರೆ ಅಜ್ಜಿ ಪುಟ್ಟಿಯ ಸೊಂಟ ಮುಟ್ಟುವ ಕೂದಲನ್ನು ಬಿಡಿಸಿ ಬಿಡಿಸಿ ಜಡೆ ಹಾಕುತ್ತಿದ್ದಳು, ಥೇಟ್ ಅವಳಮ್ಮನ ಕೂದಲು ಎನ್ನುತ್ತಿದ್ದಳು. ನಾನು ಬಾಚಣಿಗೆ ಹಿಡಿದು ಹೋದರೆ, "ನೀನು ದೊಡ್ಡೋಳು, ನೀನೇ ಬಾಚ್ಕೊಳ್ಳೇ" ಎಂಬ ಉತ್ತರ. ತಾಯಿಲ್ಲದ ಮಗು, ತಾಯಿಲ್ಲದ ಮಗು ಎಂದು ಕೇಳಿ ಕೇಳಿ ನನಗೆ ರೋಸಿಹೋಗಿತ್ತು.

ಆ ವಸಂತದಲ್ಲಿ ಪುಟ್ಟಿಯ ತರಗತಿಯಲ್ಲಿ ಮಕ್ಕಳಿಂದ ಕಿನ್ನರಿಯರ ಬಾಗಿಲು ಮಾಡಿಸಿದರು. ಐಸ್‌ಕ್ರೀಂ ಕಡ್ಡಿಗಳನ್ನು ಅಂಟಿಸಿ, ಹಿಡಿಗೆ ಒಂದು ಮಣಿ ಇಟ್ಟ ಅಂಗೈ ಎತ್ತರದ ಬಾಗಿಲು. ಗೋಡೆಯ ಬುಡಕ್ಕೆ ಅಂಟಿಸಿದರೆ ಕಿನ್ನರಿಯರು ಮನೆಯೊಳಗೆ ಬರುತ್ತಾರಂತೆ. ಪುಟ್ಟಿ ತನ್ನದನ್ನು ನಮ್ಮ ಕೋಣೆಯ ಗೋಡೆಗೆ ಅಂಟಿಸಿದಳು. ಅಮ್ಮ ನಕ್ಕಳು, ಅಜ್ಜಿ ನಗಲಿಲ್ಲ. ಬಾಗಿಲು ಅಂದ ಮೇಲೆ ಹೊಸ್ತಿಲು ಬೇಡವೇ ಎಂದು ರಟ್ಟಿನ ತುಂಡಿಗೆ ಅರಿಶಿನ ಬಳಿದು ಇಟ್ಟಳು. ಕಾಗದದ ಮೇಲೆ ರಂಗೋಲಿ ಬರೆದಳು. "ಬರೋರು ಕನ್ಯೆಯರೋ ಮುತ್ತೈದೆಯರೋ, ನಿಮ್ಮ ಟೀಚರನ್ನ ಕೇಳ್ಕೊಂಡ್ ಬಾ" ಎಂದಳು. ಟೀಚರಿಗೆ ಅದೆಲ್ಲಿ ಗೊತ್ತು! ಯಾವುದಕ್ಕೂ ಇರಲಿ ಎಂದು ಕುಂಕುಮವನ್ನೂ, ಬಾಟಲಿ ಮುಚ್ಚಳದಲ್ಲಿ ಹೆಸರುಬೇಳೆ ಪಾಯಸವನ್ನೂ ಇಟ್ಟಳು. ಇಟ್ಟು ಸುಮ್ಮನಿರದೆ, "ಮುತ್ತೈದೆಯಾಗಿ ಹೋದೋಳು ಅರಿಶಿನ ಕುಂಕುಮ ಇಟ್ಟಲ್ಲಿಗೆ ಬಂದೇ ಬರ್ತಾಳೆ. ಇವ್ರ ಜೊತೆ ನಿಮ್ಮಮ್ಮನೂ ಬರ್ತಾಳೆ ನೋಡ್ತಿರು" ಎಂದುಬಿಟ್ಟಳು. ಅಂದಿನಿಂದ ಪುಟ್ಟಿಗೆ ಕಿನ್ನರಿಯರ ಗೊಡವೆಯೇ ಉಳಿಯಲಿಲ್ಲ. ದಿನವೂ ಶಾಲೆಯಿಂದ ಬಂದವಳೇ ಇಂಗ್ಲಿಷಿನಲ್ಲಿ, ನನ್ನಮ್ಮ ಯಾವಾಗ ಬರುತ್ತಾಳೆ ಎಂದು ಬರೆದು ಬಾಗಿಲ ಮುಂದೆ ಇಡುತ್ತಿದ್ದಳು.

ಅಷ್ಟರಲ್ಲಿ ಅವಳ ತಲೆಗೆ ಹೇನು ಬಿತ್ತು. ಶಾಂಪೂ ಹಾಕಿ ಹಾಕಿ ಸೋತ ಅಮ್ಮ, ಒಂದು ದಿನ ಅವಳನ್ನು ಬಾತ್‌ಟಬ್ಬಿನ ಅಂಚಿನಲ್ಲಿ ಕೂರಿಸಿ ಅಡುಗೆಮನೆ ಕತ್ತರಿಯಿಂದ ಜಡೆಯನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿಬಿಟ್ಟಳು. ಸೀತಾಫಲದ ಬೀಜ ಅರೆದು ಹಚ್ಚಿದ್ದರೆ ಹೋಗುತ್ತಿತ್ತಲ್ಲ ಎಂದು ಅಜ್ಜಿ ಕೂಗಾಡಿದಳು. "ಈ ಊರಲ್ಲಿ ಎಲ್ಲಿಂದ ತರ್ಲಿ ಅತ್ತೆ?" ಎಂದು ಅಮ್ಮನೂ ರೇಗಿದಳು. ಮಾರನೆಯ ದಿನವೂ ಮನೆಯವರೆಲ್ಲ ಪುಟ್ಟಿಯನ್ನು ಸುತ್ತುಗಟ್ಟಿ ರಮಿಸುತ್ತಿದ್ದರು. ನಾನು ಕೋಣೆಗೆ ಹೋಗಿ ಪೆನ್ಸಿಲು ಚೂಪು ಮಾಡಿ, ಇರುವೆ ಗಾತ್ರದ ಅಕ್ಷರಗಳಲ್ಲಿ ಕಿನ್ನರಿಯರ ಉತ್ತರ ಬರೆದು ಬಾಗಿಲ ಮುಂದೆ ಇಟ್ಟೆ: "ನಿನ್ನ ಅಮ್ಮ ಬಂದಿದ್ದಳು. ಉದ್ದ ಜಡೆಯ ಹುಡುಗಿಯನ್ನು ಹುಡುಕಿದಳು. ಅಂಥವಳು ಇಲ್ಲಿ ಯಾರೂ ಇರಲಿಲ್ಲ. ವಾಪಸು ಹೋದಳು. ಇನ್ನು ಬರುವುದಿಲ್ಲ." ಯಾಕೆ ಬರೆದೆ ಎಂದು ಕೇಳಬೇಡಿ. ಹೊಟ್ಟೆಕಿಚ್ಚು. ಬರೆಯುವಾಗ ಖುಷಿಯೂ ಆಗಿತ್ತು.

ಅಷ್ಟು ಸಣ್ಣ ಅಕ್ಷರ ಓದಲಾಗದೆ ಪುಟ್ಟಿ ಚೀಟಿಯನ್ನು ನನ್ನ ಬಳಿಗೇ ತಂದಳು. ಅಜ್ಜಿಯೂ ಬಂದು ಕೂತಳು. ನಾನು ಓದಿದೆ. ಇಂಗ್ಲಿಷ್ ಬಾರದ ಅಜ್ಜಿಗಾಗಿ ಇನ್ನೊಮ್ಮೆ ಕನ್ನಡದಲ್ಲಿ ಹೇಳಿದೆ, ಧ್ವನಿ ಕೂಡ ನಡುಗಲಿಲ್ಲ. ಪುಟ್ಟಿ ಅಳಲಿಲ್ಲ. ಅಡುಗೆಮನೆಗೆ ಓಡಿ ಕಸದ ಬುಟ್ಟಿಗೆ ಕೈಹಾಕಿ ಜಡೆ ಹುಡುಕಿದಳು. ಅಮ್ಮ ಬೆಳಿಗ್ಗೆಯೇ ಅದನ್ನು ಕೆಳಗಿನ ದೊಡ್ಡ ಕಸದ ಡಬ್ಬಕ್ಕೆ ಎಸೆದು ಬಂದಿದ್ದಳು. ಅಜ್ಜಿ ತನ್ನ ಚೌರಿಯನ್ನೇ ಬಿಚ್ಚಿ ಅವಳ ಮೋಟು ಕೂದಲಿಗೆ ಕಟ್ಟಿದಳು, ಅದು ಜಾರಿ ಬೀಳುತ್ತಿತ್ತು, ಮತ್ತೆ ಕಟ್ಟುತ್ತಿದ್ದಳು. "ನಾನೇ ಶಾಸ್ತ್ರ ತಪ್ಪಿದೆ ಕಣೇ, ಮನೆಗೆ ಬಂದೋಳನ್ನ ಬಾಗಿಲಿಂದ ಕಳಿಸ್ದಂಗಾಯ್ತು" ಎಂದು ಹಲುಬುತ್ತಿದ್ದಳು. ವಿಮಾನ ಹತ್ತುವ ದಿನವೂ ಅದೇ ಮಾತು. ಎರಡು ವರ್ಷದ ಮೇಲೆ ಮೈಸೂರಿನಲ್ಲಿ ಹಾಗೆಯೇ ನಂಬಿಕೊಂಡು ಸತ್ತಳು. ಫೋನಿನಲ್ಲಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಹೇಳಲಿಲ್ಲ.

ಪುಟ್ಟಿಯೂ ಈಗ ಡಿಯರ್‌ಬಾರ್ನಿನಲ್ಲಿ ಇಂಜಿನಿಯರು. ಆಮೇಲೆ ಅವಳು ಕೂದಲಿಗೆ ಕತ್ತರಿ ತಾಗಿಸಿಲ್ಲ. ಆಫೀಸಿನವರೆಲ್ಲ ಹೊಗಳುವ ಆ ಜಡೆಯನ್ನು ಕಂಡಾಗಲೆಲ್ಲ ನಾನು ಬೇರೆ ಕಡೆ ನೋಡುತ್ತೇನೆ. ಮೊನ್ನೆ ಶನಿವಾರ ಸೀರೆ ಕೊಳ್ಳಲೆಂದು ಬಂದಿದ್ದಳು. ಸೀರೆ ಅಂಗಡಿಗಳ ಬೀದಿಯಾದ ಡೆವನ್ ಅವೆನ್ಯೂವಿನ ಒಂದು ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ, ಆ ಚೀಟಿ ಬರೆದದ್ದು ನಾನೇ ಎಂದು ಹೇಳಿಬಿಟ್ಟೆ. ಬೈದರೆ ಬೈಯಲಿ, ನನ್ನ ಮನಸ್ಸು ಹಗುರಾದರೆ ಸಾಕು ಎಂದುಕೊಂಡಿದ್ದೆ. ಅವಳು ಬೈಯಲಿಲ್ಲ. ಲೋಟ ಕೆಳಗಿಟ್ಟು ತಲೆ ತಗ್ಗಿಸಿದಳು.

"ಸಿಲ್ಲಿ ಅಂತ ಗೊತ್ತು ಅಕ್ಕ. ಆದ್ರೂ ಬೇಜಾರಾದಾಗೆಲ್ಲ, ಅಟ್‌ಲೀಸ್ಟ್ ಒಂದ್ಸಲ ನನ್ನ ಹುಡುಕ್ಕೊಂಡು ಬಂದಿದ್ಲಲ್ಲ ಅಂದ್ಕೋತಿದ್ದೆ" ಎಂದಳು. ಆಮೇಲೆ ತಲೆಯೆತ್ತಿ, "ಹಂಗಾದ್ರೆ ಅಮ್ಮ ಬಂದೇ ಇರ್ಲಿಲ್ಲ, ಅಲ್ವಾ?" ಎಂದು ಕೇಳಿದಳು.

ಇಲ್ಲ ಎಂದೆ. ಚಿಕ್ಕಮ್ಮ ಹೋಗಿ ಇಪ್ಪತ್ತೇಳು ವರ್ಷವಾಗಿದೆ. ಅವಳಿಗಾಗಿ ಪುಟ್ಟಿ ಅತ್ತದ್ದನ್ನು ನಾನು ನೋಡಿದ್ದು ಮೊನ್ನೆಯೇ ಮೊದಲು.