ದೊಡ್ಡಪ್ಪ ಸೋಲದ ಕ್ವಿಜ್

ಇವತ್ತು ನಮ್ಮ ಮನೆಗೆ ಬಂದ ದೊಡ್ಡಪ್ಪ ಮೆಣಸಿನಕಾಯಿ ಬಜ್ಜಿಯ ಪೊಟ್ಟಣ ಬಿಚ್ಚಿಕೊಂಡು ಟಿವಿ ಕ್ವಿಜ್ ಮುಂದೆ ಕುಳಿತ. ಆ ಎಣ್ಣೆಯ ವಾಸನೆಗೇ ನನ್ನ ಮೈ ಉರಿಯಿತು.

ನಾನು ಚಿಕ್ಕವಳಿದ್ದಾಗ ಹೊಸಪೇಟೆಯ ಮನೆಯಲ್ಲಿ ದಿನಾ ಸಂಜೆ ಇದೇ ವಾಸನೆ. ಟಿವಿಯಲ್ಲಿ ಒಬ್ಬನೇ ಚಾಂಪಿಯನ್ ಮತ್ತೆ ಮತ್ತೆ ಬಂದು ಗೆಲ್ಲುತ್ತಿದ್ದ. ಅವನು ಬಾಯಿ ತೆರೆಯುವ ಮೊದಲೇ ದೊಡ್ಡಪ್ಪ ಉತ್ತರ ಒದರಿ, ಬಜ್ಜಿ ಕಚ್ಚಿ, ಸುಮ್ಮನೆ ಕುಳಿತ ಅಕ್ಕನನ್ನು ತೋರಿಸಿ ಅಪ್ಪನಿಗೆ ಹೇಳುತ್ತಿದ್ದ:

"ಇಷ್ಟೂ ಗೊತ್ತಿಲ್ಲದಾಕಿಗೆ ಕಾಲೇಜ್ ಯಾಕ ಬೇಕಲೇ?"

ಅಪ್ಪ ಅಣ್ಣನ ಮಾತು ಮೀರಲಿಲ್ಲ. ಅಕ್ಕನ ಕಾಲೇಜು ನಿಂತಿತು.

ಒಂದು ದಿನ ದೊಡ್ಡಪ್ಪ ಸಂಡೂರಿನ ಗಣಿ ಆಫೀಸಿಗೆ ರಜೆ ಹಾಕಿ ಕಂಪ್ಲಿಗೆ ಮದುವೆಗೆ ಹೋಗಿದ್ದ. ಅಂದು ಸಂಜೆ ಮನೆಗೆ ಮರಳಿ ಟಿವಿ ಮುಂದೆ ಕುಳಿತವನಿಗೆ ಮೊದಲ ಪ್ರಶ್ನೆಗೇ ಬಾಯಿ ಕಟ್ಟಿತು. ಎದ್ದು ಹೋಗಿ ಟಿವಿ ಆರಿಸಿದ.

"ಕರೆಂಟ್ ಹೋತು."

ಮೇಲೆ ಫ್ಯಾನ್ ತಿರುಗುತ್ತಿತ್ತು. ಅವನು ಬೆಳಿಗ್ಗೆ ಆಫೀಸಿನ ಟಿವಿಯಲ್ಲಿ ನೋಡಿದ ಉತ್ತರಗಳನ್ನೇ ಸಂಜೆಯ ಮರುಪ್ರಸಾರದಲ್ಲಿ ಹೇಳುತ್ತಿದ್ದನೆಂದು ಅವನ ಜೊತೆಯವರಿಂದ ತಿಳಿಯುವಷ್ಟರಲ್ಲಿ ಅಕ್ಕನ ಮದುವೆಯೂ ಮುಗಿದಿತ್ತು.

ಇವತ್ತು ಅವನು ನನ್ನ ಮಗಳತ್ತ ತಿರುಗಿದ. "ಇಷ್ಟೂ ಗೊತ್ತಿಲ್ಲೇನವಾ ನಿನಗ?"

ನಾನು ರಿಮೋಟ್ ಒತ್ತಿ ಟಿವಿ ಆರಿಸಿದೆ.

"ಕರೆಂಟ್ ಹೋತ್ರಿ ದೊಡ್ಡಪ್ಪ. ನೀವಿನ್ನ ಹೊಂಡ್ರಿ."

ಅವನು ತಲೆಯೆತ್ತಿ ತಿರುಗುತ್ತಿದ್ದ ಫ್ಯಾನ್ ನೋಡಿದ.