ಕರಿ ಇಂಕಿಲ್ಲದೆ ಕರಿ ಕಂಬಳಿ

ಚಿತ್ರದುರ್ಗದ ಪ್ರೆಸ್ಸಿನಲ್ಲಿ ನಾನು ಪ್ರೂಫ್ ನೋಡುತ್ತಿದ್ದೆ, ಅನುಸೂಯ ಕಂಪ್ಯೂಟರಿನಲ್ಲಿ ಅಕ್ಷರ ಕೂರಿಸುತ್ತಿದ್ದಳು. 2001ರಲ್ಲಿ ನಮ್ಮ ಪ್ರೆಸ್ಸಿಗೆ ಫೋಟೋಶಾಪ್ ಬಂದಾಗಿನಿಂದ ಅವಳಿಗೆ ಅದರದೇ ಹುಚ್ಚು. ಆದರೆ ಮಾಲೀಕ ಲಕ್ಷ್ಮೀಕಾಂತ್ ಬಣ್ಣದ ಕೆಲಸವನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಹಿರೇಗುಂಟನೂರು ಕಡೆಯ ಕುರಿಗಾರ ಜುಂಜಯ್ಯ ತಮ್ಮ ಮಗಳು ದೀಪಾಳ ಲಗ್ನಪತ್ರಿಕೆ ಮಾಡಿಸಲು ಬಂದರು. ಮೇಲೆ ಮಾವಿನ ತೋರಣ ಬೇಕಂತೆ. ಸರಿ, ಅದು ಎಲ್ಲರೂ ಕೇಳುವುದೇ.

“ಕೆಳಗೆ ಕರೇ ಕಂಬಳಿ ಹಾಸಿರ್ಬೇಕು ನೋಡ್ರಿ. ನಮ್ಮಾಗೆ ಗಂಡು-ಹೆಣ್ಣು ಕುಂದ್ರೋ ಗದ್ದುಗೆ ಅದು.”

“ಲಗ್ನಪತ್ರಿಕೆಗೆ ಕರಿ ಇಂಕು ಮುಟ್ಸಲ್ಲ ಯಜಮಾನ್ರೆ,” ಎಂದರು ಲಕ್ಷ್ಮೀಕಾಂತ್. “ಜನ ತಿಥಿ ಕಾರ್ಡು ಅಂದ್ಕಂತಾರೆ.”

“ಹಂಗಾರೆ ಬ್ಯಾರೆ ಪ್ರೆಸ್ ನೋಡ್ಕಂತೀನಿ,” ಜುಂಜಯ್ಯ ಎದ್ದೇಬಿಟ್ಟರು.

“ಕುಂತ್ಕಳ್ರಿ ಯಜಮಾನ್ರೆ, ಕರಿ ಇಂಕಿಲ್ದೆ ನಾನ್ ಮಾಡ್ಕೊಡ್ತೀನಿ,” ಎಂದಳು ಅನುಸೂಯ.

ಮಾಲೀಕರು ಅವಳನ್ನು ದುರುಗುಟ್ಟಿ ನೋಡಿದರು. “ಮಾಡಮ್ಮ. ಅವರು ಒಪ್ಪಲಿಲ್ಲ ಅಂದ್ರೆ ಇನ್ಮೇಲೆ ಬಣ್ಣದ ಮಾತೆತ್ತಂಗಿಲ್ಲ.”

ನಮ್ಮ ಮೆಷಿನ್ನು ಒಂದು ಸಲಕ್ಕೆ ಒಂದೇ ಬಣ್ಣ ಹೊಡೆಯುವಂಥದ್ದು. ತೋರಣಕ್ಕೆ ಹಸಿರು, ಅಕ್ಷರಕ್ಕೆ ಕುಂಕುಮಗೆಂಪು. ಅನುಸೂಯ ಎರಡಕ್ಕೂ ಬೇರೆ ಬೇರೆ ಸ್ಪಾಟ್ ಚಾನೆಲ್, ಅಂದರೆ ಬಣ್ಣಕ್ಕೊಂದು ಪದರ, ಮಾಡಿದಳು. ಒಂದು ಚಾನೆಲ್ಲಿಗೆ ಒಂದು ಪ್ಲೇಟು, ಒಂದು ಪ್ಲೇಟಿಗೆ ಒಂದು ಇಂಕು. ಕಂಬಳಿಯನ್ನು ಮಾತ್ರ ಎರಡರಲ್ಲೂ ಇಟ್ಟಳು; ಹಸಿರಿನ ಮೇಲೆ ಕೆಂಪು ಕೂತರೆ ಕಪ್ಪಾಗುತ್ತದೆ ಎಂಬ ಲೆಕ್ಕ. ಪರದೆಯಲ್ಲಿ ಚೆನ್ನಾಗೇ ಕಂಡಿತು. ಪರದೆ ನಂಬಿ ಕೆಟ್ಟವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಹಸಿರು ಒಣಗಿ ಅದರ ಮೇಲೆ ಕೆಂಪು ಬಿತ್ತು. ಕಂಬಳಿ ಅಚ್ಚ ಕಪ್ಪಾಗಲಿಲ್ಲ, ಕಂದು ತಿರುಗಿದ ಕಪ್ಪಾಯಿತು. ಅನುಸೂಯಳ ಮುಖ ಸಪ್ಪಗಾಯಿತು.

ಜುಂಜಯ್ಯ ಬಂದಾಗ ಅವಳೇ ಮೊದಲು ಹೇಳಿದಳು, “ಪೂರ್ತಿ ಕರ್ರಗೆ ಬರ್ಲಿಲ್ಲ ಯಜಮಾನ್ರೆ.”

ಅವರು ಕಾರ್ಡನ್ನು ಹೆಗಲ ಮೇಲಿನ ತಮ್ಮ ಕಂಬಳಿಗೆ ಹಿಡಿದು ನೋಡಿದರು. “ಯಾವ ಕಂಬಳಿ ಪೂರ್ತಿ ಕರ್ರಗಿರ್ತೈತವ್ವ? ನಾಕು ಬ್ಯಾಸಿಗೆ ಬಿಸಿಲು ಉಂಡ್ರೆ ಹಿಂಗೇ ಆಗೋದು. ಇದು ನಮ್ದೇ.”

ಮರುಕ್ಷಣ ಕಾರ್ಡನ್ನು ಮೇಜಿನ ಮೇಲಿಟ್ಟು ಹೊರಗೆ ನಡೆದರು. ಏನು ತಪ್ಪಾಯಿತೋ ಎಂದು ನಮಗೆಲ್ಲ ದಿಗಿಲು. ಅವರು ಬಾಗಿಲಾಚೆ ಕಾಲಿನ ಕೆರ ಬಿಟ್ಟು ಒಳಗೆ ಬಂದು, ಕಾರ್ಡನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು.

“ಗದ್ದುಗೆ ಐತಲ್ಲವ್ವ. ಕೆರ ಮೆಟ್ಕಂಡು ಮುಟ್ಟಾಕಾಗ್ತೈತಾ?”

ಅನುಸೂಯಳ ಕಣ್ಣು ತುಂಬಿತು. ನನಗೂ ಹೇಳಲಾರದಷ್ಟು ಸಂತೋಷವಾಯಿತು. ಅಂದಿನಿಂದ ಬಣ್ಣದ ಕೆಲಸವೆಲ್ಲ ಅವಳದೇ. ಅವತ್ತು ಲಕ್ಷ್ಮೀಕಾಂತ್ ಕೂಡ ಮೇಜಿನ ಕೆಳಗೆ ಸದ್ದಿಲ್ಲದೆ ಚಪ್ಪಲಿ ಬಿಟ್ಟು, ಒಂದು ಕಾರ್ಡಿಗೆ ಕೈ ಚಾಚಿದರು.