ವೇವ್ ಪೂಲಿಗೆ ನಾನು ಬರೆದ ಏಳನೇ ನಿಯಮ

ಕೊರೊನಾ ಹೋಗಿ ಎರಡು ಬೇಸಿಗೆ ಕಳೆದಿದ್ದವು. ಸಾಂಗ್ಲಿಯ ಹುಡುಗಿಯರ ಶಾಲೆಯೊಂದರಲ್ಲಿ ಮೂವತ್ತು ವರ್ಷ ಪಿ.ಟಿ. ಕಲಿಸಿ ನಿವೃತ್ತಳಾಗಿದ್ದ ನನ್ನನ್ನು, ಮಿರಜದ ಹೊರಗೆ ಹೊಸದಾಗಿ ಶುರುವಾದ ವಾಟರ್ ಪಾರ್ಕಿನವರು ಸೇಫ್ಟಿ ಆಫೀಸರ್ ಆಗಿ ನೇಮಿಸಿಕೊಂಡರು. ನಮ್ಮದು ಅರಿಷಿಣದ ವ್ಯಾಪಾರ ಮಾಡುವ ಮನೆತನ. ಹೆಣ್ಣುಮಕ್ಕಳು ನೀರಿಗಿಳಿಯಬಾರದು ಎನ್ನುವ ಹಿರಿಯರೊಡನೆ ಜಗಳಾಡಿ ಕೃಷ್ಣೆಯಲ್ಲಿ ಈಜು ಕಲಿತವಳು ನಾನು. ಆ ಜಂಬ ನನಗೆ ಬಹಳ ಇತ್ತು. ನಮ್ಮ ಕಡೆ ಶಿಕ್ಷಕಿಯನ್ನು ಬಾಯಿ ಎಂದು ಕರೆಯುತ್ತಾರೆ. ಪಾರ್ಕಿನವರಿಗೂ ನಾನು ಬಾಯಾರೇ ಆದೆ.

ವೇವ್ ಪೂಲ್ ನೋಡದವರಿಗೆ ಒಂದು ಮಾತು ಹೇಳಬೇಕು. ದಂಡೆಯಲ್ಲಿ ಪಾದ ಮುಳುಗುವಷ್ಟೇ ನೀರು. ಇಳಿಜಾರಾಗಿ ಹೋಗಿ ಕೊನೆಯ ಗೋಡೆಯ ಹತ್ತಿರ ಆರಡಿ ಆಗುತ್ತದೆ. ಗೋಡೆಯ ಹಿಂದಿನ ಮಶೀನು ಗಾಳಿಯ ಒತ್ತಡದಿಂದ ಅಲೆ ಎಬ್ಬಿಸುತ್ತದೆ, ಹತ್ತು ನಿಮಿಷ ಅಲೆ, ಹತ್ತು ನಿಮಿಷ ವಿರಾಮ. ಎದೆಮಟ್ಟದ ನೀರಿನಲ್ಲಿ ನಿಂತವರ ಕಾಲನ್ನೂ ಅಲೆ ಕಿತ್ತು ಆಳಕ್ಕೆ ಒಯ್ಯುತ್ತದೆ. ಮುಳುಗುವವರು ಕೂಗುತ್ತಾರೆಂದು ಜನ ತಿಳಿದಿದ್ದಾರೆ. ಸುಳ್ಳು. ಬಾಯಿಯೇ ನೀರಿನೊಳಗೆ ಹೋದಮೇಲೆ ಕೂಗಲು ಉಸಿರೆಲ್ಲಿರುತ್ತದೆ?

ಮೊದಲ ತಿಂಗಳಲ್ಲೇ ಒಂದು ರಾದ್ಧಾಂತವಾಯಿತು. ನೀರು ಕುಡಿದು ಒದ್ದಾಡುತ್ತಿದ್ದ ಹೆಂಗಸೊಬ್ಬಳನ್ನು ನಮ್ಮ ಲೈಫ್‌ಗಾರ್ಡ್ ಸೊಂಟಕ್ಕೆ ಕೈಹಾಕಿ ಎತ್ತಿದ. ಅವಳು ಬದುಕಿದಳು. ಅವಳ ಮನೆಯ ಗಂಡಸರು ಬಂದು ಅವನ ಕಪಾಳಕ್ಕೆ ಬಾರಿಸಿದರು, ವಿಡಿಯೋ ಮಾಡಿ ಹಂಚಿದರು. ಮಾಲೀಕರು ನನ್ನನ್ನು ಕರೆಸಿದರು.

"ಬಾಯಾರ, ಇದಕ್ಕೊಂದು ನಿಯಮ ಬರದ ಬಿಡ್ರಿ. ಪಾರ್ಕಿನ ಹೆಸರು ಕೆಡಬಾರದು ನೋಡ್ರಿ."

ಅಂದೇ ಕುಳಿತು ಬರೆದೆ. ಏಳನೇ ನಿಯಮ: ಮಹಿಳೆಯರಿಗೆ ತೊಂದರೆಯಾದಾಗ ಮಹಿಳಾ ಲೈಫ್‌ಗಾರ್ಡನ್ನು ಕರೆಯತಕ್ಕದ್ದು, ಪುರುಷ ಲೈಫ್‌ಗಾರ್ಡ್ ಅವರ ಮೈ ಮುಟ್ಟತಕ್ಕದ್ದಲ್ಲ. ಕೆಳಗೆ ನನ್ನ ಸಹಿ. ಹೆಣ್ಣುಮಕ್ಕಳ ಮಾನಕ್ಕೆ ದೊಡ್ಡ ಉಪಕಾರ ಮಾಡಿದೆನೆಂದು ಬೀಗಿದೆ, ನಾಚಿಕೆಗೇಡಿ ನಾನು. ನಾಲ್ಕು ಮಹಿಳಾ ಗಾರ್ಡುಗಳನ್ನು ಕೇಳಿದ್ದೆ, ಇಬ್ಬರನ್ನು ಕೊಟ್ಟರು. ಒಬ್ಬಳು ಮದುವೆಯಾಗಿ ಹೋದಳು, ಉಳಿದವಳು ಸುನಂದಾ ಒಬ್ಬಳೇ. ದಿನಾ ಬೆಳಿಗ್ಗೆ ಚೆಕ್‌ಲಿಸ್ಟಿನಲ್ಲಿ 'ಮಹಿಳಾ ಲೈಫ್‌ಗಾರ್ಡ್ ಹಾಜರು' ಎಂಬಲ್ಲಿ ನಾನು ರೈಟ್ ಹಾಕುತ್ತಲೇ ಇದ್ದೆ.

ಮೇ ತಿಂಗಳ ಒಂದು ರವಿವಾರ. ಮಧ್ಯಾಹ್ನದ ಹೊತ್ತಿಗೆ ಪೂಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಜಮಖಂಡಿ ಕಡೆಯಿಂದ ಕೂಲಿಗೆ ಬಂದು ಮಿರಜದಲ್ಲಿ ನೆಲೆಸಿದ್ದ ಸವಿತಾ ಎಂಬ ಇಪ್ಪತ್ತೆರಡರ ಹುಡುಗಿ, ತನ್ನ ಮಾವಶಿ, ಅಂದರೆ ತಾಯಿಯ ತಂಗಿ ಶಾಂತವ್ವನ ಜೊತೆ ಬಂದಿದ್ದಳು. ಜೀವಮಾನದಲ್ಲಿ ಮೊದಲ ಸಲ ಇಂಥ ನೀರು ನೋಡಿದವಳು. ಅಲೆ ಶುರುವಾದಾಗ ಸುನಂದಾ ಬಾತ್‌ರೂಮಿಗೆ ಹೋಗಿದ್ದಳು. ಅವಳೂ ಮನುಷ್ಯಳೇ, ಹೋಗಬಾರದೇ? ಅವಳ ಬದಲಿಗೆ ನಿಲ್ಲಲು ಯಾರೂ ಇರಲಿಲ್ಲ.

ಆಳದ ಬದಿಗೆ ಲೈಫ್‌ಗಾರ್ಡ್ ಮಹಾದೇವನಿದ್ದ. ಕೃಷ್ಣೆಯ ದಂಡೆಯ ಕಸಬೆ ಡಿಗ್ರಜದ ಅಪ್ಪಟ ಈಜುಗಾರ. ಪ್ರವಾಹದಲ್ಲಿ ಎಷ್ಟೋ ಹೆಂಗಸರನ್ನು ಹೆಗಲ ಮೇಲೆ ಹೊತ್ತು ತಂದವನು. ಅಲೆಗೆ ಕಾಲು ತಪ್ಪಿ ಸವಿತಾ ಮುಳುಗುವುದನ್ನು ಅವನು ತಕ್ಷಣ ನೋಡಿದ. ಅಲೆ ನಿಲ್ಲಿಸುವ ಗುಂಡಿ ಒತ್ತಿದ, ನೀರಿಗೆ ಹಾರಿದ, ಅವಳ ಹತ್ತಿರವೂ ಹೋದ. ಅಲ್ಲಿ ನಿಂತುಬಿಟ್ಟ! ಸುನಂದಾಳಿಗಾಗಿ ಸೀಟಿ ಊದುತ್ತ ರಬ್ಬರಿನ ಟ್ಯೂಬು ಮುಂದೆ ಚಾಚಿದ.

"ಹಿಡಕೋರಿ ಅಕ್ಕಾರ, ಟ್ಯೂಬ್ ಹಿಡಕೋರಿ!"

ಮುಳುಗುವವರ ಕೈ ಅವರ ಮಾತು ಕೇಳುವುದಿಲ್ಲ. ದಂಡೆಯಿಂದ ಶಾಂತವ್ವ ಎದೆ ಬಡಿದುಕೊಂಡು ಕಿರುಚಿದಳು, "ಎತ್ತೋ ಯಪ್ಪಾ, ಕೂದಲಾ ಹಿಡದರ ಎತ್ತೋ!"

ನಲವತ್ತು ಸೆಕೆಂಡು ಅವಳು ಅವನ ಕೈಯಳತೆಯಲ್ಲಿದ್ದಳು. ಆಮೇಲೆ ಕಾಣಲಿಲ್ಲ. ಅವನು ನಿಯಮ ಬಿಟ್ಟು ಮುಳುಗು ಹಾಕುವ ಹೊತ್ತಿಗೆ ನೀರು ಕದಡಿತ್ತು, ನೂರಾರು ಕಾಲುಗಳ ನಡುವೆ ತಳದಲ್ಲಿ ಸಿಗಲಿಲ್ಲ. ಸಿಕ್ಕಾಗ ನಾಲ್ಕು ನಿಮಿಷ ದಾಟಿತ್ತು. ಇದನ್ನೆಲ್ಲ ನಾನು ಆಮೇಲೆ ಕ್ಯಾಮೆರಾದ ರೆಕಾರ್ಡಿಂಗಿನಲ್ಲಿ ಎಣಿಸಿದ್ದೇನೆ, ಒಂದು ಸಲವಲ್ಲ.

ಕೂಗು ಕೇಳಿ ಆಫೀಸಿನಿಂದ ಓಡಿಬಂದ ನಾನು ಅವಳ ಎದೆ ಒತ್ತಿ ಸಿ.ಪಿ.ಆರ್. ಕೊಟ್ಟೆ. ಪಕ್ಕೆಲುಬು ಮುರಿದದ್ದು ಅಂಗೈಗೆ ಗೊತ್ತಾಯಿತು, ಬಿಡಲಿಲ್ಲ. ಆಂಬುಲೆನ್ಸಿನಲ್ಲಿ ನಾಡಿ ಬಂತು. ಮಿರಜದ ಆಸ್ಪತ್ರೆಯಲ್ಲಿ ವೆಂಟಿಲೇಟರ್ ಹಾಕಿದರು. ಮಿದುಳಿಗೆ ಬಹಳ ಹೊತ್ತು ಆಕ್ಸಿಜನ್ ಹೋಗಿಲ್ಲ ಎಂದರು ಡಾಕ್ಟರು. ನಾಡಿ ಬಂದಿದೆಯಲ್ಲ ಎಂದು ಮೂರು ದಿನ ನಾನು ಹುಚ್ಚಿಯ ಹಾಗೆ ಆ ವಾರ್ಡಿನ ಮುಂದೆ ಕೂತೆ. ನಾಲ್ಕನೆಯ ದಿನ ಬೆಳಿಗ್ಗೆ ಅವಳು ಹೋದಳು.

ಶಾಂತವ್ವ ಅಳುವುದನ್ನು ನಿಲ್ಲಿಸಿ ನನ್ನ ಹತ್ತಿರ ಬಂದಳು.

"ನೀವ ಬಾಯಾರೇನ್ರಿ? ಹೆಣ್ಮಕ್ಕಳನ್ನ ಮುಟ್ಟಬಾರದು ಅಂತ ಬರದೋರು?"

"ಹೌದವ್ವಾ."

"ನಮ್ಮನ್ನ ಒಂದ್ ಮಾತು ಕೇಳಬೇಕಾಗಿತ್ತರಿ."

ಅಷ್ಟೇ ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ಪೊಲೀಸರಿಗೆ ಆ ನಿಯಮದ ಕಾಗದವನ್ನು ನಾನೇ ಕೊಟ್ಟೆ. ಉದ್ದೇಶ ಒಳ್ಳೆಯದೇ ಇತ್ತಲ್ಲ ಬಾಯಿ, ಎಂದು ಮರಾಠಿಯಲ್ಲಿ ಸಮಾಧಾನ ಹೇಳಿದರು. ಕೇಸು ಮಹಾದೇವನ ಮೇಲಾಯಿತು. ಜಾಮೀನಿನ ಮೇಲೆ ಹೊರಬಂದವನ ಮನೆಗೆ ಹೋಗಿ, ಯಾಕೆ ನಿಂತೆಯೋ ಎಂದು ಕೇಳಿದೆ. ತಲೆ ಎತ್ತಲಿಲ್ಲ.

"ಕೈ ಚಾಚಿದ್ನಿರಿ ಬಾಯಾರ. ನಿಮ್ಮ ಸಹಿ ನೆನಪಾತು."

ಈಗ ಅವನು ಹೊಳೆಗೂ ಇಳಿಯುವುದಿಲ್ಲ ಎಂದು ಅವನ ಹೆಂಡತಿ ಹೇಳಿದಳು.

ನಿಯಮ ಬರೆಯುವಾಗ ನಾನು ಕಪಾಳಕ್ಕೆ ಹೊಡೆದವರನ್ನು ನೆನೆದೆ, ಮುಳುಗುವವಳನ್ನು ನೆನೆಯಲಿಲ್ಲ. ಈ ಕೆಲಸ ನನಗೆ ಕಲಿಸಿದ ಪಾಠ ಇದೊಂದೇ, ಅದಕ್ಕೆ ಒಂದು ಜೀವ ಬೇಕಾಯಿತು. ನೌಕರಿ ಬಿಟ್ಟೆ. ಈಗ ಸುತ್ತಲಿನ ವಾಟರ್ ಪಾರ್ಕುಗಳವರು ಕರೆದಾಗ ಹೋಗಿ ಲೈಫ್‌ಗಾರ್ಡುಗಳಿಗೆ ಪಾಠ ಮಾಡುತ್ತೇನೆ. ಕೂದಲು ಹಿಡಿಯಿರಿ, ಸೊಂಟ ಹಿಡಿಯಿರಿ, ಸಿಕ್ಕಿದ್ದನ್ನು ಹಿಡಿದು ಎತ್ತಿರಿ ಎನ್ನುತ್ತೇನೆ. ಮೊನ್ನೆ ಒಬ್ಬ ಕೇಳಿದ, "ಆಕಿ ಮನ್ಯಾವ್ರು ಹೊಡದ್ರ ಏನ್ ಮಾಡೂದರಿ?"

"ಹೊಡಸ್ಕೊ," ಎಂದೆ.

ಎಲ್ಲರೂ ನಕ್ಕರು, ತಲೆಯಾಡಿಸಿದರು. ನಾನು ಗೇಟು ದಾಟಿದ ಮೇಲೆ ಅವರ ಮಾಲೀಕರು ಅವರನ್ನು ನಿಲ್ಲಿಸಿಕೊಂಡು ಏನು ಹೇಳುತ್ತಾರೆಂಬುದು ನನಗೆ ಗೊತ್ತು. ಒಂದು ಕಾಲಕ್ಕೆ ಅದನ್ನೇ ಬರೆದು ಸಹಿ ಹಾಕಿದವಳು ನಾನು.